ತೊಗರಿ ಹೊಲದ ಪಾಠ

ಆಳಂದದ ಶಾಲೆಗೂ ಉದ್ಯಾನಕ್ಕೂ ಬೀಗ ಬಿದ್ದ ಆ ಕೊರೊನಾ ವರ್ಷ ಶೈಲಶ್ರೀ ಟೀಚರಿಗೂ ಕೆಲಸ ಇರಲಿಲ್ಲ. ಎಂಟು ವರ್ಷದಿಂದ ಆಕೆ ಅತಿಥಿ ಶಿಕ್ಷಕಿ. ಪ್ರತಿ ಜೂನಿನಲ್ಲೂ ಹೊಸದಾಗಿ ಅರ್ಜಿ ಹಾಕಿ, ಕರೆ ಬರುವತನಕ ಉಸಿರು ಬಿಗಿಹಿಡಿದು ಕೂರಬೇಕು. ಆ ಜೂನಿನಲ್ಲಿ ಕರೆಯೇ ಬರಲಿಲ್ಲ.

ಆದರೆ ಸುಮ್ಮನೆ ಕೂರುವ ಜೀವವಲ್ಲ ಅದು. ಹಿಂದೆಲ್ಲ ಶನಿವಾರ ಬಂತೆಂದರೆ ಮಕ್ಕಳನ್ನು ಉದ್ಯಾನಕ್ಕೆ ಕರೆದೊಯ್ದು, ಕಣ್ಣು ಮುಚ್ಚಿಸಿ ತೊಗಟೆ ಮುಟ್ಟಿಸಿ, ಬೇವೋ ಹುಣಸೆಯೋ ಹೇಳಿ ಎನ್ನುತ್ತಿದ್ದಳು. ಇರುವೆ ಸಾಲಿನ ಹಿಂದೆ ಅವರೊಂದಿಗೆ ತಾನೂ ಬಗ್ಗಿ ನಡೆಯುತ್ತಿದ್ದಳು. ಈಗ ಓಣಿಯ ಹನ್ನೊಂದು ಮಕ್ಕಳು ದಿನವಿಡೀ ಬೀದಿ ಸುತ್ತುತ್ತಿದ್ದವು. ಕಲಿಯುವ ರೂಢಿ ತಪ್ಪಿದರೆ ಇವು ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ ಎಂಬ ಭಯ ಆಕೆಗೆ. ಅದರಲ್ಲೂ ಆರನೆಯ ತರಗತಿಯ ಸಾಯಿರಾ. ಒಮ್ಮೆ ಕಂಡ ಎಲೆಯನ್ನು ಎಂದೂ ಮರೆಯದ ಹುಡುಗಿ. ಅವಳೊಬ್ಬಳು ಕೈತಪ್ಪಿದರೂ ತಾನು ಟೀಚರಾಗಿದ್ದು ದಂಡ ಎನಿಸಿತ್ತು ಶೈಲಶ್ರೀಗೆ.

ಊರಂಚಿನಲ್ಲಿ ಜಗದೇವಪ್ಪ ಸಾವಕಾರರ ತೊಗರಿ ಹೊಲವಿತ್ತು. ಅಲ್ಲಿ ಪಾಠ ಮಾಡಲೇ ಎಂದು ಕೇಳಿದಳು.

"ಬರ್ರಿ ಟೀಚರ್, ಹೊಲ ನಿಮ್ದೇ ಅಂತ ತಿಳ್ಕೋರಿ" ಎಂದರು ಅವರು. ಎರಡನೆಯ ದಿನ ಬದುವಿನ ಮೇಲೆ ನಿಂತು ಬುದ್ಧಿಮಾತನ್ನೂ ಹೇಳಿದರು. "ಹುಡುಗ್ರಿಗಿ ಕಸದ ಗುರ್ತ ಕಲಸ್ರಿ. ನೋಡಿದ್ದು ಮರೀತಾರ, ಕಿತ್ತಿದ್ದು ಮರೆಯಂಗಿಲ್ಲ."

ಶೈಲಶ್ರೀಗೆ ಆ ಮಾತು ಬಹಳ ಹಿಡಿಸಿತು. ಓದಿದವರಿಗೂ ಹೊಳೆಯದ್ದನ್ನು ಹೇಳಿದರಲ್ಲ ಎಂದು ಹಿಗ್ಗಿದಳು, ಪಾಪ. ಮಕ್ಕಳು ಕಳೆ ಕೀಳುತ್ತ ಸಾಲು ಹಿಡಿದರು. ಜೇಕು, ಕರಿಕೆ, ಉತ್ತರಾಣಿ, ತುಂಬೆ. ಹೆಸರು ಹೇಳಬೇಕು, ಬೇರು ಕಡಿಯದಂತೆ ಕೀಳಬೇಕು, ಒಂದನ್ನು ಪುಸ್ತಕದಲ್ಲಿ ಒಣಗಿಸಬೇಕು. ಉಳಿದದ್ದು ಬದುವಿನ ಮೇಲೆ ರಾಶಿ ಬಿತ್ತು. ಮೂರು ವಾರ ಕಳೆಯುವಷ್ಟರಲ್ಲಿ ಅಷ್ಟೂ ಹೊಲ ಹಸನಾಗಿತ್ತು. ಆಕೆ ಮೊಬೈಲಿನಲ್ಲಿ ಫೋಟೊ ತೆಗೆದು ಎಲ್ಲರಿಗೂ ಕಳಿಸಿದ್ದೇ ಕಳಿಸಿದ್ದು.

ಸಾಯಿರಾಳ ತಾಯಿ ಖಾಸೀಂಬಿ ಒಂದು ಬೆಳಿಗ್ಗೆ ಬಾಗಿಲಿಗೆ ಬಂದಳು. ಹಿಂದೆ ಇನ್ನೂ ನಾಲ್ವರು ತಾಯಂದಿರು ನಿಂತಿದ್ದರು.

"ಟೀಚರ್, ಪ್ರತಿ ವರ್ಷ ಆ ಹೊಲದ ಕಸ ನಾವೇ ತೆಗೀತಿದ್ವಿರಿ. ಈ ಸಲ ಸಾವಕಾರ್ರು ಬರಬ್ಯಾಡ್ರಿ, ಕೆಲ್ಸ ಮುಗದದ ಅಂದಾರ. ಮುಗಸಿದವ್ರು ಯಾರ್ರಿ?"

ತವರೂರು ನಿಂಬರ್ಗಾದಲ್ಲಿ ಶೈಲಶ್ರೀಯ ಅವ್ವನೂ ಹೀಗೇ ಕಂಡವರ ಹೊಲದಲ್ಲಿ ಕಳೆ ಕಿತ್ತು ಅವಳನ್ನು ಓದಿಸಿದ್ದಳು. ಅದನ್ನು ಹೇಗೆ ಮರೆತೆ ಎಂದು ತನ್ನ ಮೇಲೆಯೇ ಅಸಹ್ಯವಾಯಿತು. ಆಕೆ ನೆಟ್ಟಗೆ ಸಾವಕಾರರ ಮನೆಗೆ ಹೋಗಿ ಜಗಳಕ್ಕೆ ನಿಂತಳು.

ಅವರು ನಕ್ಕರು. "ನಾ ಏನ್ ಜುಲುಮಿ ಮಾಡೀನೇನ್ರಿ? ನೀವಾ ಕೇಳಿದ್ರಿ, ನಾ ಜಾಗ ಕೊಟ್ಟೀನಿ. ಇರ್ಲಿ, ಆಚೀ ಹೊಲಕ್ಕ ಖಾಸೀಂಬಿ ಮಂದೀನೇ ಕರೀತೇನಿ. ಆ ಸಾಯಿರಾನೂ ಬರ್ಲಿ, ಪಗಾರ ಕೊಡ್ತೇನಿ. ಅಕಿ ಕಿತ್ತಂಗ ದೊಡ್ಡವ್ರೂ ಕೀಳಂಗಿಲ್ಲ."

ಶೈಲಶ್ರೀ ಖಾಸೀಂಬಿಯ ಕೈ ಹಿಡಿದು ಬೇಡಿಕೊಂಡಳು, ಹುಡುಗಿಯನ್ನು ಕಳಿಸಬೇಡ ಎಂದು.

"ಪುಕ್ಕಟೆ ಕೀಳುವಾಗ ನೀವು ಬ್ಯಾಡ ಅನ್ಲಿಲ್ಲ. ಈಗ ಮನಿಗಿ ನಾಕ್ ಕಾಸು ತರೋವಾಗ ಬ್ಯಾಡ ಅಂತೀರಲ್ರಿ" ಎಂದಳು ಖಾಸೀಂಬಿ. ಅದರಲ್ಲಿ ಸಿಟ್ಟೂ ಇರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಜನವರಿಯಲ್ಲಿ ಶಾಲೆ ತೆರೆಯಿತು, ಶೈಲಶ್ರೀಗೆ ಕರೆಯೂ ಬಂತು. ಹತ್ತು ಮಕ್ಕಳು ಬಂದರು, ಸಾಯಿರಾ ಬರಲಿಲ್ಲ. ಕೂಲಿ ಹೆಂಗಸರ ಜೊತೆ ಟಂಟಂ ಆಟೋ ಹತ್ತಿ ಭೂಸನೂರ ಕಡೆ ಹೊಸ ಕಬ್ಬಿನ ಕಳೆ ತೆಗೆಯಲು ಹೋಗುತ್ತಾಳೆ ಎಂದರು ಉಳಿದ ಮಕ್ಕಳು. ಭಾನುವಾರ ಶೈಲಶ್ರೀ ಅಲ್ಲಿಗೇ ಹೋದಳು. ಇವತ್ತು ಎಳೆದುಕೊಂಡಾದರೂ ಬರುತ್ತೇನೆ ಎಂದು ನಿರ್ಧರಿಸಿಯೇ ಹೋಗಿದ್ದಳು.

ಅವಳನ್ನು ಕಂಡದ್ದೇ ಸಾಯಿರಾ ಸಾಲು ಬಿಟ್ಟು ಓಡಿಬಂದಳು. ಮಣ್ಣಿನ ಕೈಯಲ್ಲೇ ಟೀಚರ ಕೈ ಹಿಡಿದು, ಬಗ್ಗಿದ್ದ ಹೆಂಗಸರಿಗೆಲ್ಲ ಕೇಳುವಂತೆ ಕೂಗಿದಳು.

"ಇವ್ರೇ ನೋಡ್ರಿ ನಮ್ಮ ಟೀಚರ್! ನನಗ ಈ ಕೆಲ್ಸ ಕಲಿಸಿದವ್ರು ಇವ್ರೇ!"