ಬೆಕ್ಕಿಲ್ಲದ ಮನೆಯ ದಮ್ಮು

ಬೆಕ್ಕಿನ ವಿಷಯದಲ್ಲಿ ಆ ಷರತ್ತು ಹಾಕಿದವರು ಯಾರು ಎಂಬುದು ನನಗೆ ಈಗಲೂ ಖಚಿತವಿಲ್ಲ. ಅವ್ವ ಹಾಕಿದಳು ಎಂದೇ ನಾನು ಹೇಳಿಕೊಂಡು ಬಂದಿದ್ದೇನೆ. ನಾನೇ ಹಾಕಿದ್ದು ಎನ್ನುತ್ತಾಳೆ ಹೆಂಡತಿ. ಅವಳ ನೆನಪು ನನ್ನದಕ್ಕಿಂತ ಗಟ್ಟಿ, ಅದೇ ತೊಂದರೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ರಾಮದುರ್ಗದಲ್ಲಿದ್ದೆವು. ಒಳಕೋಣೆ ತುಂಬ ಜೋಳದ ಚೀಲ, ಚೀಲಕ್ಕೆ ಇಲಿ, ಇಲಿಗೆಂದು ಅವ್ವ ಸಾಕಿದ ಬೂದು ಬೆಕ್ಕು. ಅದು ಹಗಲೆಲ್ಲ ಮಲಗುತ್ತಿದ್ದದ್ದು ಮಾತ್ರ ಮಡಚಿಟ್ಟ ನಮ್ಮ ಕೌದಿಗಳ ಮೇಲೆ. ಮದುವೆಯಾಗಿ ಬಂದ ಹೆಂಡತಿಗೆ ಮೊದಲು ಸೀನು, ಆಮೇಲೆ ಕಣ್ಣುರಿ, ಕೊನೆಗೆ ಉಸಿರು ಕಟ್ಟುವ ದಮ್ಮು. ಬೈಲಹೊಂಗಲದ ತವರಿಗೆ ಹೋದರೆ ಆರಾಮ. ತಿರುಗಿ ಬಂದರೆ ಮತ್ತೆ ಶುರು. ಇದೇ ಅವಳಿಗೆ ಮುಳುವಾಯಿತು.

"ತವರಮನ್ಯಾಗ ಇಲ್ಲದ ದಮ್ಮು ಅತ್ತಿಮನ್ಯಾಗ ಹೆಂಗ ಬರತೈತಿ ಯಕ್ಕಾ?" ಎಂದು ನೆರೆಮನೆಯ ಕಾಕು ಅವ್ವನನ್ನು ಕೇಳಿದಳು. "ಅದೂ ರೊಟ್ಟಿ ಬಡಿಯೂ ಹೊತ್ತಿಗೆ!"

ಒಲೆಯ ಮುಂದಿದ್ದ ಹೆಂಡತಿಗೆ ಕೇಳಿಸಿತು. "ಬರ್ರಿ ಕಾಕು, ಇವತ್ತ ನೀವ ಬಡೀರಿ. ನಾ ಕುಂತು ಕೆಮ್ಮತೇನಿ."

ಡಾಕ್ಟರು ಬೆಕ್ಕಿನ ಅಲರ್ಜಿ ಎಂದರು. "ನಮ್ಮತ್ತಿ ಕಾಲದಿಂದ ಬೆಕ್ಕು ಸಾಕೇವಿ, ಯಾರಿಗೂ ಬಂದಿಲ್ಲ. ಕಲಿತವ್ರಿಗಷ್ಟ ಬರತೈತೇನು?" ಎಂದಳು ಅವ್ವ. ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿ ಬಂದಿದ್ದ ನನಗೆ ಮೈ ಉರಿಯಿತು. ಆಗ ಹುಟ್ಟಿದ್ದು ಷರತ್ತು: ಅಮಾವಾಸ್ಯೆಗೆ ಬೆಕ್ಕನ್ನು ಕಳಿಸುವುದು, ಹುಣ್ಣಿಮೆಯೊಳಗೆ ದಮ್ಮು ನಿಲ್ಲದಿದ್ದರೆ ಅದು ಮರಳಿ ಮನೆಗೆ. ಕಾರಣ ತೆಗೆದರೆ ಪರಿಣಾಮ ನಿಲ್ಲಬೇಕೆಂಬ ತರ್ಕ ನನ್ನದೇ ಇರಬೇಕು. ಅಮಾವಾಸ್ಯೆ, ಹುಣ್ಣಿಮೆ ಖಂಡಿತ ಅವ್ವನವು.

ದಾರಿ ಕಂಡರೆ ಬೆಕ್ಕು ತಿರುಗಿ ಬರುತ್ತದೆಂದು ಅದನ್ನು ಗೋಣಿಚೀಲದಲ್ಲಿ ಹಾಕಿ ಬಾಯಿ ಕಟ್ಟಿದೆವು. ಎಲ್ಲಮ್ಮನ ಗುಡ್ಡದ ಹತ್ತಿರದ ಉಗರಗೋಳದಲ್ಲಿ ಕಾಯಿ, ಭಂಡಾರದ ಅರಿಶಿನ ಮಾರುವ ಸೋದರಮಾವನಿಗೆ ಒಪ್ಪಿಸಲು ನಾನೇ ಹೊರಟೆ. ಬಸ್ಸಿನಲ್ಲಿ ಚೀಲ ಒಂದೇ ಸಮನೆ ಕೂಗಿತು.

"ಕೈ ಬಿಟ್ಟಗಿಟ್ಟೀರಿ ಸರ," ಎಂದ ಕಂಡಕ್ಟರ್. "ಅಡ್ಡ ಹೋತಂದ್ರ ನಮ್ಮ ಡ್ರೈವರ್ ಗಾಡಿ ಇಲ್ಲೇ ನಿಲ್ಲಸ್ತಾನ."

ಬೆಕ್ಕು ಹೋಯಿತು. ದಮ್ಮು ಹೋಗಲಿಲ್ಲ. ನೆಲ ಒರೆಸಿದೆವು, ಗೋಡೆಯ ಜೇಡರ ಬಲೆ ತೆಗೆದೆವು. ಕೌದಿ ಒಗೆಯುವುದು ದಸರೆಗೆ, ಮಲಪ್ರಭೆಯಲ್ಲಿ. ನಡುವೆ ಅದನ್ನು ನೀರಿಗೆ ಹಾಕುವ ಪದ್ಧತಿ ನಮ್ಮಲ್ಲಿರಲಿಲ್ಲ. ಅದನ್ನೇ ಹೊದ್ದು ಮಲಗಿದೆವು. ದಿನಾ ಬೆಳಗ್ಗೆ ಅವ್ವ "ಹೆಂಗೈತಿ?" ಎಂದು ಕೇಳುವಳು. ಕೆಮ್ಮು ಕೇಳಿಸದಿರಲೆಂದು ಹೆಂಡತಿ ಬಾಯಿಗೆ ಸೆರಗು ಒತ್ತಿ ಹಿಡಿಯುವಳು. ಹುಣ್ಣಿಮೆ ಹತ್ತಿರ ಬಂದಂತೆ ನನಗೂ ಅನುಮಾನ ಶುರುವಾಯಿತು, ಬೆಕ್ಕಿನ ಮೇಲಲ್ಲ.

ಹುಣ್ಣಿಮೆಯ ಮರುದಿನ ಅವ್ವ ಎಲ್ಲಮ್ಮನ ಗುಡ್ಡಕ್ಕೆ ಹೋಗಿ, ಬರುವಾಗ ಬೆಕ್ಕನ್ನು ತಂದಳು. "ಪಾಪ, ಮೂಕಪ್ರಾಣಿ ಮ್ಯಾಲ ಸುಳ್ಳ ಅಪವಾದ ಹೊರಿಸಿದ್ರಿ."

ಹೆಂಡತಿ ನನ್ನ ಮುಖ ನೋಡಿದಳು. ನಾನು ಬೆಕ್ಕಿನ ಕಡೆ ತಿರುಗಿದೆ. ಅವಳು ಬ್ಯಾಗು ತುಂಬಿಕೊಂಡಳು. "ನಾ ನಾಟಕ ಮಾಡೂದಿಲ್ಲಂತ ನಿಮಗ ಖಾತ್ರಿ ಆದ ದಿನ ಬರ್ರಿ."

ಖಾತ್ರಿಯಾಗದೆಯೇ ಹೋದೆ. ಬೈಲಹೊಂಗಲದಲ್ಲಿ ಬಾಡಿಗೆ ಮನೆ ಹಿಡಿದೆವು. ಅವ್ವ ವರ್ಷಗಟ್ಟಲೆ ಅಲ್ಲಿಗೆ ಬರಲಿಲ್ಲ.

ಬಹಳ ಕಾಲದ ನಂತರ ಹುಬ್ಬಳ್ಳಿಯ ಎದೆರೋಗದ ಡಾಕ್ಟರೊಬ್ಬರನ್ನು ಕೇಳಿದೆ. ಅವರು ಹೇಳಿದ್ದನ್ನು ವೈದ್ಯಕೀಯ ಪುಸ್ತಕದಲ್ಲೂ ನೋಡಿ ಖಚಿತ ಮಾಡಿಕೊಂಡೆ: ಬೆಕ್ಕು ಮನೆ ಬಿಟ್ಟ ಮೇಲೂ ಅದರ ಜೊಲ್ಲು ಮತ್ತು ಚರ್ಮದ ಹೊಟ್ಟಿನ ಅಂಶ ಹಾಸಿಗೆ ಹೊದಿಕೆಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.