ಅಪ್ಪ ಕಟ್ಟಿದ ಕುಸುರೆಳ್ಳಿನ ಸರ

ತೊಂಬತ್ತರ ದಶಕದ ನಡುವಿನ ಮಾತು. ಅಣ್ಣನ ಮದುವೆಯಾದ ಮೇಲಿನ ಮೊದಲ ಸಂಕ್ರಾಂತಿಗೆ ವಾರವಿದೆ ಎನ್ನುವಾಗ ಅವ್ವ ಹಿತ್ತಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ನಮ್ಮದು ಗೋಕಾಕ ಫಾಲ್ಸಿನಲ್ಲಿ ಗಿರಣಿ ಕೆಲಸಗಾರರ ಸಾಲುಮನೆ. ಹೊಸ ಸೊಸೆಗೆ ಮೊದಲ ಸಂಕ್ರಾಂತಿಯಲ್ಲಿ ಕಪ್ಪು ಸೀರೆ ಉಡಿಸಿ, ಸಕ್ಕರೆ ಪಾಕ ಕಟ್ಟಿದ ಎಳ್ಳಿನ, ಅಂದರೆ ಕುಸುರೆಳ್ಳಿನ ಒಡವೆ ತೊಡಿಸಿ ಆರತಿ ಮಾಡುವುದು ನಮ್ಮ ಮನೆಯ ಪದ್ಧತಿ. ಒಡವೆ ಅತ್ತೆಯ ಕೈಯಿಂದಲೇ ಆಗಬೇಕು. ಅವ್ವನಿಗೆ ಕೈನೋವಿಗಿಂತ ಆ ಚಿಂತೆಯೇ ದೊಡ್ಡದಾಯಿತು. ಒಂಬತ್ತನೆಯ ಇಯತ್ತೆಯಲ್ಲಿದ್ದ ನಾನು ಎಳ್ಳು ಹುರಿಯಲು ಹೋಗಿ ಸುಟ್ಟಿಟ್ಟೆ.

ಮರುದಿನ ಬೆಳಿಗ್ಗೆ ಎದ್ದರೆ ಅಪ್ಪ ಇದ್ದಿಲ ಒಲೆಯ ಮುಂದೆ ಕುಳಿತಿದ್ದ. ಗಿರಣಿಯಲ್ಲಿ ಇಪ್ಪತ್ತು ವರ್ಷ ಹರಿದ ನೂಲಿಗೆ ಗಂಟು ಹಾಕಿದವನು, ಅಡುಗೆಮನೆಗೆ ನೀರು ಕುಡಿಯಲಷ್ಟೇ ಬರುತ್ತಿದ್ದವನು. ಅವ್ವ ಗೋಡೆಗೆ ಒರಗಿ ಹೇಳುತ್ತಿದ್ದಂತೆ ತಾಟಿನಲ್ಲಿ ಎಳ್ಳು ಹರವಿ, ಸಕ್ಕರೆ ಪಾಕ ಹನಿಸಿ, ಬೆರಳಿನಿಂದ ಆಡಿಸುತ್ತಿದ್ದ. ಬೆರಳು ಸುಟ್ಟರೆ ಕಿವಿ ಹಿಡಿದುಕೊಳ್ಳುತ್ತಿದ್ದ.

ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರಿನಲ್ಲೇ, ಸಂಕ್ರಾಂತಿಗೆ ಅಲ್ಲ ಎಂದು ಸಾಲಿಯಲ್ಲಿ ಕಲಿತದ್ದನ್ನು ನಾನು ಅವನಿಗೆ ಹೇಳಿದೆ. ಅಪ್ಪ ತಾಟಿನಿಂದ ಕಣ್ಣೆತ್ತಲಿಲ್ಲ.

“ತಿರಗಿದ್ರ ತಿರಗ್ಲಿ ಬಿಡವಾ. ನನ್ನ ಎಳ್ಳಿಗೆ ಇನ್ನೂ ಮುಳ್ಳ ಎದ್ದಿಲ್ಲ.”

ನಾಲ್ಕನೆಯ ಬೆಳಿಗ್ಗೆ ಒಳ್ಳೆಯ ಚಳಿ ಬಿತ್ತು. ಎಳ್ಳಿನ ಮೈತುಂಬ ಸಕ್ಕರೆಯ ಬಿಳಿ ಮುಳ್ಳುಗಳು ಎದ್ದವು. ಆಮೇಲೆ ಅಪ್ಪನಿಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. ಒಂದೊಂದೇ ಕಾಳಿಗೆ ದಾರದ ಗಂಟು ಹಾಕುತ್ತ ಸರ, ಬಳೆ, ಬೈತಲೆಬೊಟ್ಟು ಎಲ್ಲ ಕಟ್ಟಿದ. ಗಂಟು ಎಲ್ಲಿದೆ ಎಂದು ಹುಡುಕಿದರೂ ಕಾಣುತ್ತಿರಲಿಲ್ಲ.

ಗಂಡಸು ಕಟ್ಟಿದ್ದೆಂದು ಯಾರಿಗೂ ಹೇಳಬಾರದೆಂದು ಅವ್ವ ನಮಗೆಲ್ಲ ತಾಕೀತು ಮಾಡಿದ್ದಳು. ಹಬ್ಬದ ದಿನ ಮನೆ ತುಂಬ ಹೆಂಗಸರು. ಅಣ್ಣನ ಹೆಂಡತಿ, ನನ್ನ ವೈನಿಯ ತಾಯಿ ಹುಕ್ಕೇರಿಯಿಂದ ಬಂದಿದ್ದವರು ಮಗಳ ಕೊರಳಿನ ಸರ ಹಿಡಿದು, ಯಾವ ಅಂಗಡಿಯದೆಂದು ಕೇಳಿದರು. ಮನೆಯಲ್ಲೇ ಮಾಡಿದ್ದು ಎಂದಳು ಅವ್ವ. ಬೀಗತಿಯ ಕಣ್ಣು ಅವಳ ಪ್ಲಾಸ್ಟರಿನ ಕೈ ಮೇಲೆ ನಿಂತಿತು.

ಆರು ತಿಂಗಳಲ್ಲಿ ಹಿರಿಯರ ಮುಂದೆ ತಾನಾಗಿ ಒಂದು ಮಾತೂ ಆಡದಿದ್ದ ವೈನಿ ಆಗ ಬಾಯಿ ಬಿಟ್ಟರು.

“ಮಾವಾರು ಮಾಡ್ಯಾರವ್ವ. ನನಗೋಸ್ಕರ.”

ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಎದ್ದೇಬಿಟ್ಟ. ಬೀಗತಿ ಬಾಗಿಲಿಗೆ ಬಂದು ತಡೆದರು.

“ನಿಂದರ್ರಿ ಬೀಗರ. ನಮ್ಮನಿಯವ್ರು ಇವತ್ತಿಗೂ ಅಂಗಿಗೆ ಒಂದು ಗುಂಡಿ ಹಚ್ಚಿಕೊಂಡಿಲ್ಲ. ನಾಕು ದಿನ ಹುಕ್ಕೇರಿಗೆ ಬಂದು ಅವರಿಗೂ ಕಲಿಸ್ರಿ.”

ಎಲ್ಲರೂ ನಕ್ಕರು. ಮೊದಲು ನಕ್ಕವಳು ಅವ್ವ. ವೈನಿ ಕುಸುರೆಳ್ಳು ಕೊಟ್ಟು ಕಾಲಿಗೆ ಎರಗಿದಾಗ ಅಪ್ಪ ಅವರ ತಲೆಯ ಮೇಲೆ ಕೈಯಿಟ್ಟು ನಿಂತ.

ಮರುವರ್ಷ ಅವ್ವನ ಕೈ ಗಟ್ಟಿಯಾಗಿತ್ತು. ಆದರೂ ಹಬ್ಬ ಹತ್ತಿರ ಬಂದಾಗ ಎಳ್ಳಿನ ತಾಟು ಅಪ್ಪನ ಮುಂದೆಯೇ ಇತ್ತು. ಮೂರು ತಿಂಗಳ ಮೊಮ್ಮಗಳಿಗೆ ಅವನು ಒಂದು ಪುಟ್ಟ ಕಿರೀಟ ಕಟ್ಟಿದ. ತಲೆಗಿಡುವಷ್ಟರಲ್ಲಿ ಆ ಕೂಸು ಅದನ್ನು ಎಳೆದು ಬಾಯಿಗಿಟ್ಟುಕೊಂಡಿತು.