ಮಂಜಿನಲ್ಲಿ ಧೋತರದ ಆ ತುದಿ

ಆಗ ಮಂಜು ಬಿದ್ದರೆ ನಮ್ಮ ಮನೆಯಲ್ಲಿ ಖುಷಿಪಡುತ್ತಿದ್ದವರು ಇಬ್ಬರೇ, ನಾನು ಮತ್ತು ನಮ್ಮಾಯಿ. ಆಯಿ ಅಂದರೆ ಅಪ್ಪನ ತಾಯಿ. ನಾನು ‘ಆಗ’ ಎಂದು ಬಾಯಿ ತೆಗೆದರೆ ಸಾಕು, ನನ್ನ ಮಗಳು ಮೊಬೈಲ್ ಹಿಡಿದು ಒಳಗಿನ ಕೋಣೆಗೆ ಎದ್ದು ಹೋಗುತ್ತಾಳೆ. ಹೋಗಲಿ. ಇಬ್ಬನಿಯಲ್ಲಿ ಮೊಣಕಾಲತನಕ ತೋಯಿಸಿಕೊಂಡು ಹೊಲ ತಿರುಗಿದವರು ನಿಮ್ಮಲ್ಲಿ ಯಾರಾದರೂ ಇದ್ದೇ ಇರುತ್ತೀರಿ. ನಿಮಗೆ ಹೇಳುತ್ತೇನೆ.

ನಮ್ಮದು ಹೊನವಾಡದ ಹೊರಗೆ ತೋಟದ ಮನೆ. ಅಪ್ಪ ಇದ್ದ ಹೊಲವನ್ನೆಲ್ಲ ದ್ರಾಕ್ಷಿ ಮಾಡಿದ್ದ. ದ್ರಾಕ್ಷಿ ಹೂವಿನಲ್ಲಿರುವಾಗ ಮಂಜು ಬಿದ್ದರೆ ರೋಗ ಬರುತ್ತದೆ. ಹಾಗಾಗಿ ಬಾಗಿಲು ತೆರೆದು ಹೊರಗೆ ಬೆಳ್ಳಗೆ ಕಂಡ ಕೂಡಲೇ ಅಪ್ಪನ ಬಾಯಿ ಶುರುವಾಗುತ್ತಿತ್ತು. ಪಂಪಿನ ಮೇಲೆ, ಆಳುಗಳ ಮೇಲೆ, ಚಹಾ ತಡವಾಯಿತೆಂದು ಅವ್ವನ ಮೇಲೆ. ಕೊನೆಗೆ ಸರದಿ ನನ್ನದು.

"ಮಂಜ ಬಿದ್ರ ನಗತೈತಿ ನೋಡು ಇದು! ನಮ್ಮ ಮನ್ಯಾಗ ಹುಟ್ಟೇತೋ, ವೈರಿ ಮನ್ಯಾಗ ಹುಟ್ಟೇತೋ?"

ನಗದೆ ಏನು ಮಾಡಲಿ? ಮಂಜು ಬಿದ್ದ ದಿನ ಆಯಿ ಕಡ್ಲಿ ಹುಳಿ ಹಿಡಿಯಲು ಹೊರಡುತ್ತಿದ್ದಳು. ಕಡಲೆ ಗಿಡದ ಮೇಲೆ ಕೂತ ಇಬ್ಬನಿ ಹುಳಿಯಾಗಿರುತ್ತದೆ. ಬಿಸಿಲು ಬೀಳುವ ಮೊದಲು ಬಿಳಿ ಬಟ್ಟೆಯನ್ನು ಗಿಡಗಳ ತಲೆಯ ಮೇಲೆ ಎಳೆದು, ತೊಯ್ದ ಮೇಲೆ ಹಿಂಡಿ, ಆ ನೀರನ್ನು ಭರಣಿಯಲ್ಲಿ ತುಂಬಿಡಬೇಕು. ಸುತ್ತಿನ ತೋಟದ ಮನೆಗಳಲ್ಲಿ ಯಾರಿಗೆ ಹೊಟ್ಟೆ ಕಡಿದರೂ ವರ್ಷವಿಡೀ ಆಯಿಯ ಭರಣಿಯೇ ಗತಿ. ನಮ್ಮ ಹೊಲದಲ್ಲಿ ಕಡಲೆ ಉಳಿದಿರಲಿಲ್ಲವಾದ್ದರಿಂದ ಬದುವಿನಾಚೆಯ ಮೌಲಾಸಾಬ ಕಾಕಾನ ಹೊಲಕ್ಕೆ ಹೋಗುತ್ತಿದ್ದೆವು.

ಬಟ್ಟೆಯೆಂದರೆ ತೀರಿಹೋದ ಅಜ್ಜನ ಹಳೆಯ ಧೋತರ. ಒಂದು ತುದಿ ಆಯಿಯ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಮಂಜು ದಟ್ಟವಾಗಿದ್ದರೆ ಆಯಿ ಕಾಣುತ್ತಲೇ ಇರಲಿಲ್ಲ. ಧೋತರ ಜಗ್ಗಿದರೆ ಆಯಿ ನಡೆಯುತ್ತಿದ್ದಾಳೆ, ಸಡಿಲವಾದರೆ ನಿಂತಿದ್ದಾಳೆ. ದಿನವಿಡೀ ವಟವಟ ಎನ್ನುವ ಮುದುಕಿ ಅಲ್ಲಿ ಒಂದು ಮಾತೂ ಆಡುತ್ತಿರಲಿಲ್ಲ. ಲಂಗ ತೊಯ್ದು ಕಾಲಿಗೆ ಅಂಟುತ್ತಿತ್ತು, ಹುಳಿ ತಾಗಿ ಮೀನಖಂಡ ಚುರುಗುಡುತ್ತಿತ್ತು, ಬೆರಳು ನೆಕ್ಕಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ಬದುವಿನ ಮೇಲೆ ಕೂತು ಅವಳ ಸೆರಗಿನ ಗಂಟಿನಿಂದ ತಂಗಳ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ತಿನ್ನುತ್ತಿದ್ದೆವು. ಯಾರೂ ನನ್ನನ್ನು ಬಯ್ಯದ ಜಾಗ ಅದೊಂದೇ ಇತ್ತು.

ಆಯಿಯದು ಒಂದೇ ಕಟ್ಟಪ್ಪಣೆ.

"ದ್ರಾಕ್ಷಿ ಮಗ್ಗಲ ಸಾಲು ಮುಟ್ಟಬ್ಯಾಡ. ನಿಮ್ಮಪ್ಪ ಹೊಡದ ಎಣ್ಣಿ ಹಾರಿ ಬಂದಿರ್ತೈತಿ."

ಎಣ್ಣೆ ಎಂದರೆ ನಮ್ಮ ಕಡೆ ಬೆಳೆಗೆ ಸಿಂಪಡಿಸುವ ಔಷಧ.

ನನಗೆ ಹತ್ತು ವರ್ಷವಾಗಿದ್ದ ಆ ಚಳಿಗಾಲದಲ್ಲಿ ಒಂದು ಮುಂಜಾನೆ, ಅಂಗಳದ ಬೇವಿನ ಮರವೂ ಕಾಣದಷ್ಟು ಮಂಜು. ಆಯಿ ಮೊಣಕಾಲು ಹಿಡಿದುಕೊಂಡು ಕೂತಿದ್ದಳು.

"ಇವತ್ತ ಆಗೂದಿಲ್ಲವ್ವ ಮಾದೇವಿ. ನಾಳೆ ಹೋಗೂಣು."

ನಾಳೆ ಮಂಜು ಇರುತ್ತದೆಂದು ಇವಳಿಗೆ ಯಾರು ಹೇಳಿದರು? ನನಗೆ ಸಿಟ್ಟು ಬಂತು. ಧೋತರ, ತಂಬಿಗೆ ಎತ್ತಿಕೊಂಡು ಒಬ್ಬಳೇ ಹೊರಟೆ. ಮೊದಲು ಸುಮ್ಮನೆ ನಡೆದೆ. ಎಲ್ಲಿಗೂ ಅಲ್ಲ, ಯಾತಕ್ಕೂ ಅಲ್ಲ. ಎಷ್ಟು ಹಿತವಾಗಿತ್ತೆಂದರೆ ಕೆಲಸವೇ ಮರೆತುಹೋಯಿತು. ನೆನಪಾಗುವಷ್ಟರಲ್ಲಿ ಮೂಡಣ ಕೆಂಪಾಗುತ್ತಿತ್ತು. ಎದುರಿಗೆ ಸಿಕ್ಕ ಸಾಲುಗಳ ಮೇಲೆ ಗಡಬಡಿಸಿ ಬಟ್ಟೆ ಎಳೆದೆ. ಹಿಂಡುವಾಗ ನೋಡಿದರೆ ಧೋತರದ ಮೇಲೆ ತಿಳಿ ನೀಲಿ. ತಲೆಯೆತ್ತಿದೆ. ನಾಲ್ಕು ಹೆಜ್ಜೆ ಆಚೆ ನಮ್ಮ ದ್ರಾಕ್ಷಿಯ ಕಂಬ ನಿಂತಿತ್ತು. ಹಿಂದಿನ ದಿನವಷ್ಟೇ ಅಪ್ಪ ನೀಲಿ ಮೈಲುತುತ್ತ, ಸುಣ್ಣ ಕಲಸಿ ದ್ರಾಕ್ಷಿಗೆ ಹೊಡೆದಿದ್ದ.

ಚೆಲ್ಲಬೇಕಿತ್ತು. ಚೆಲ್ಲಲಿಲ್ಲ. ಬರಿ ತಂಬಿಗೆ ತಂದರೆ ಇನ್ನು ಮೇಲೆ ಒಬ್ಬಳನ್ನೇ ಬಿಡುವುದಿಲ್ಲ ಎಂಬ ಭಯ. ಧೋತರವನ್ನು ಬಾವಿಯ ಹತ್ತಿರ ತೊಳೆದು ಒಣಹಾಕಿ, ಹುಳಿಯನ್ನು ಆಯಿಯ ಭರಣಿಗೇ ಸುರುವಿದೆ. ಇಡೀ ಸುಗ್ಗಿಯ ಹುಳಿಯಲ್ಲಿ ಆ ನೀಲಿ ಎಲ್ಲಿ ಹೋಯಿತೋ ಕಾಣಲಿಲ್ಲ.

"ಒಬ್ಬಾಕಿನ ತಂದೀ? ಶಾಣ್ಯಾಕಿ ಆಗೀ," ಎಂದು ಆಯಿ ನನ್ನ ತಲೆ ಸವರಿದಳು. ಅದಕ್ಕಿಂತ ಒಂದು ಏಟು ಹಾಕಿದ್ದರೆ ಚೆನ್ನಾಗಿತ್ತು.

ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಮೌಲಾಸಾಬ ಕಾಕಾ ಹೊಟ್ಟೆ ಹಿಡಿದುಕೊಂಡು ಬಂದ.

"ಆಯಿ, ಹೊಟ್ಟಿ ಭಾಳ ಕಡ್ಯಾಕತ್ತೈತ್ರಿ. ಒಂದ್ ಚಮಚಾ ಹುಳಿ ಕೊಡ್ರಿ."

ಆಯಿ ಬಟ್ಟಲಿಗೆ ಹುಳಿ ಹಾಕಿ ನೀರು ಬೆರೆಸಿದಳು. ಕಾಕಾ ಬಟ್ಟಲು ಬಾಯಿಗೆ ಒಯ್ದ. ನಾನು ಕಿರುಚಿದ್ದು ತೋಟದಲ್ಲಿದ್ದ ಅಪ್ಪನಿಗೂ ಕೇಳಿಸಿತು.

"ಕುಡೀಬ್ಯಾಡ್ರಿ ಕಾಕಾ! ಅದರಾಗ ಎಣ್ಣಿ ಐತಿ!"

ಅಳುತ್ತಲೇ ಎಲ್ಲ ಹೇಳಿದೆ. ಆಯಿ ಬಯ್ಯಲಿಲ್ಲ. ಭರಣಿಯನ್ನು ಹಿತ್ತಲಿಗೆ ಹೊತ್ತೊಯ್ದು ಗುಂಡಿ ತೋಡಿ ಸುರುವಿ, ಮಣ್ಣು ಮುಚ್ಚಿದಳು. ಓಡಿ ಬಂದ ಅಪ್ಪ ನನ್ನ ಬಿಟ್ಟು ಅವಳ ಮೇಲೆಯೇ ಹಾರಿಬಿದ್ದ.

"ಯವ್ವಾ, ಸಾಕ್ ಮಾಡಬೇ ಈ ಹುಚ್ಚಾಟ! ಯಾರರ ಸತ್ತಿದ್ರ ನನ್ನ ಕೊರಳಿಗೆ ಬರ್ತಿತ್ತು."

"ಹುಡುಗಿ ಮಂಜಿನ್ಯಾಗ ಸಾಲು ತಪ್ಪೇತಿ. ನಿನ್ನ ಎಣ್ಣಿ ಹಗಲ ಹೊತ್ತಿನ್ಯಾಗ ಬದು ದಾಟೇತಿ. ಅದಕ್ಕ ಯಾರಿಗೆ ಬೈಲಿ?" ಎಂದಳು ಆಯಿ.

ಕಾಕಾ ಪಾಪ, "ಇರಲಿ ಬಿಡ್ರಿ, ನನಗೇನೂ ಆಗಿಲ್ಲಲ್ಲಾ," ಎನ್ನುತ್ತ ಹೊಟ್ಟೆ ಹಿಡಿದುಕೊಂಡೇ ಹೋದ. ಆಯಿ ಭರಣಿ ತೊಳೆದು ಅಟ್ಟಕ್ಕೆ ಹಾಕಿದಳು. ಊರವರ ಹೊಟ್ಟೆಗೆ ಹಾಕುವ ವಸ್ತು, ಇನ್ನು ನನಗೆ ಧೈರ್ಯವಿಲ್ಲ ಎಂದಳು.

ವಾರದ ಮೇಲೆ ಮತ್ತೆ ಮಂಜು ಬಿತ್ತು. ನಾನು ಅವಳ ಕೌದಿ ಎಳೆದೆ.

"ಏಳಾಯಿ, ಹೋಗೂಣು. ಹುಳಿ ಬ್ಯಾಡ. ಸುಮ್ನ ಅಡ್ಡಾಡಿ ಬರೂಣು."

"ಸುಮ್ನ ಯಾರ ಅಡ್ಡಾಡ್ತಾರ ಹುಚ್ಚಿ? ಕೆಲಸ ಇಲ್ದ, ಮಂದಿ ಹೊಲಕ್ಕ ಹೋಗಿ ನಿಂತ್ರ ಏನಂದಾರು?"

ನಾನು ಮುಖ ಊದಿಸಿಕೊಂಡೆ. ಬಯ್ಯುವ ಅಪ್ಪನ ಮೇಲಿನ ಸಿಟ್ಟು ಸಂಜೆಗೆ ಇಳಿಯುತ್ತಿತ್ತು, ಬಯ್ಯದ ಆಯಿಯ ಮೇಲಿನದು ಇಳಿಯಲಿಲ್ಲ.

ಈಗ ನಾನು ವಿಜಯಪುರದಲ್ಲಿದ್ದೇನೆ. ಸುಮ್ಮನೆ ಅಡ್ಡಾಡುವುದಕ್ಕೆ ಇಲ್ಲಿ ವಾಕಿಂಗ್ ಎಂಬ ಮರ್ಯಾದೆಯ ಹೆಸರಿದೆ. ಡಾಕ್ಟರೇ ಬರೆದುಕೊಡುತ್ತಾರೆ. ಬೂಟು ಹಾಕಿಕೊಂಡು ಸ್ಟೇಷನ್ ರಸ್ತೆಯ ಕಡೆ ಹೊರಡುತ್ತೇನೆ. ಮಂಜು ಬಿದ್ದ ದಿನವೂ ಜೊತೆಗಿನ ಹೆಂಗಸರ ಬಾಯಿಗೆ ಬಿಡುವಿಲ್ಲ, ಸೊಸೆಯ ಸುದ್ದಿ, ಶುಗರ್ ಸುದ್ದಿ. ಹಿಂದಿನಿಂದ ಗಾಡಿಗಳ ಹಾರ್ನ್. ಹೊನವಾಡದಲ್ಲಿ ಕಾಕಾನ ಮಕ್ಕಳೂ ಕಡಲೆ ತೆಗೆದು ದ್ರಾಕ್ಷಿ ಹಾಕಿದ್ದಾರೆ. ಅವರನ್ನೇನು ಅನ್ನಲಿ, ನಾವು ಮೊದಲು ಹಾಕಿದವರು.

ಆಯಿ ಆಮೇಲೆ ಆರು ಚಳಿಗಾಲ ಬದುಕಿದ್ದಳು. ಆ ಆರರಲ್ಲಿ ಎಷ್ಟೋ ಮುಂಜಾನೆ ಮಂಜು ಬಿತ್ತು. ಅವಳು ಕಟ್ಟೆಯ ಮೇಲೆ ಕೂತು ಹೊರಗೆ ನೋಡುತ್ತಿದ್ದಳು, ನಾನು ಒಳಗೆ ಮುಸುಕೆಳೆದು ಮಲಗಿರುತ್ತಿದ್ದೆ. ಇನ್ನೊಂದು ಸಲ ಕರೆದಿದ್ದರೆ ಬರುತ್ತಿದ್ದಳೋ ಏನೋ. ನಾನು ಕರೆಯಲಿಲ್ಲ.